ಡಬ್ಬಿಯೊಳಗೆ ಐದು ವೋಲ್ಟು

ಐದು ವೋಲ್ಟು ಎಂದು ಹೇಳಿಕೊಳ್ಳುತ್ತದೆ ಈ ಚಿಪ್.
ನಿಜವಾಗಿ ಎಷ್ಟು ನಡುಗುತ್ತದೆ, ಅದೇ ನನ್ನ ಪ್ರಶ್ನೆ.
ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು, ಅದಕ್ಕೂ ಕಮ್ಮಿ.
ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಕೂತು
ಇಂಥದ್ದನ್ನು ಅಳೆಯಲು ಹೊರಟವಳು ನಾನೊಬ್ಬಳೇ ಇರಬೇಕು.

ಗೋಡೆಯಾಚೆ ಅಬ್ಬಾನ ನೂಲು ಬಿಚ್ಚುವ ಶೆಡ್ಡು.
ಬೆಳಗಿನ ಐದಕ್ಕೇ ಮೋಟಾರು ಶುರು. ಬೇಯುವ ಗೂಡಿನ ವಾಸನೆ
ನನ್ನ ಸೋಲ್ಡರಿನ ಹೊಗೆಯೊಡನೆ ಬೆರೆತು
ಯಾವುದು ಯಾವುದೆಂದು ಮೂಗಿಗೂ ತಿಳಿಯದು.
ಪರದೆಯ ಮೇಲೆ ಐವತ್ತು ಹರ್ಟ್ಸಿನ ಅಲೆ,
ದಪ್ಪಗೆ, ಹೊಟ್ಟೆ ತುಂಬಿದ ಹೆಬ್ಬಾವು.
ಅದರಡಿ ಎಲ್ಲೋ ನನ್ನ ಚಿಪ್ಪಿನ ಉಸಿರು.

ಮೊದಲು ಡಬ್ಬಿ. ಕಳೆದ ರಂಜಾನಿಗೆ ಖಾಲಾ ತಂದ
ಬಿಸ್ಕತ್ತಿನ ತಗಡು, ಮುಚ್ಚಳದಲ್ಲಿ ಗಿಣಿಯ ಚಿತ್ರ.
ಅಂಚಿನ ಬಣ್ಣವನ್ನು ಬ್ಲೇಡಿನಿಂದ ಕೆರೆದೆ:
ತಗಡಿಗೆ ತಗಡು ಬರಿಮೈಯಲ್ಲಿ ಮುಟ್ಟದಿದ್ದರೆ
ಮುಚ್ಚಿದ ಮುಚ್ಚಳವೂ ತೆರೆದಂತೆಯೇ.
ನೆಲದ ತಂತಿ ಒಂದೇ ಕಡೆ. ಒಮ್ಮೆ ಎರಡು ಕಡೆ ಕಟ್ಟಿದ್ದೆ,
ಭದ್ರವಾಗಿರಲಿ ಎಂದು. ಎರಡು ನೆಲಗಳ ನಡುವೆ
ಕರೆಂಟು ಸುತ್ತತೊಡಗಿತು,
ಬೀಗರಿಬ್ಬರ ನಡುವೆ ಚಾಡಿಮಾತು ಸುತ್ತುವ ಹಾಗೆ.

ಬ್ಯಾಟರಿಯನ್ನೂ ಒಳಗೇ ಇಟ್ಟೆ.
ಹೆಬ್ಬಾವು ತೆಳ್ಳಗಾಯಿತು; ಹೋಗಲಿಲ್ಲ.
ತಗಡು ಕೆಲವಕ್ಕೆ ಗೋಡೆ, ಮೋಟಾರಿನ ಅಯಸ್ಕಾಂತಕ್ಕೆ ಬರೀ ಜಾಲರಿ.
ದೂರ ಸರಿಯುವುದೊಂದೇ ದಾರಿ.
ಸರಿದೆ: ಅಡುಗೆಮನೆಗೆ, ಅಲ್ಲಿಂದ ಹಿತ್ತಿಲ ಕೋಳಿಗೂಡಿನ ಪಕ್ಕಕ್ಕೆ.

ಆಮೇಲೆ ಗಾಳಿ. ಮುಚ್ಚಳದ ಸಂದಿಯಿಂದ ಒಂದೆಳೆ ತಂಪು ನುಗ್ಗಿ
ಬೆಸುಗೆಯ ಒಂದೇ ಒಂದು ಕಾಲು ತಣಿದರೂ ಸಾಕು,
ಗೆರೆ ನಿದ್ದೆಗಣ್ಣಲ್ಲಿ ಎದ್ದು ಅಲೆಯುತ್ತದೆ.
ಒಳಗೆ ಏನಾದರೂ ತುಂಬಬೇಕು. ಅದಕ್ಕೇನು ಬರ ನಮ್ಮನೆಯಲ್ಲಿ,
ಗೂಡಿನ ಮೇಲಿನ ಜುಂಗು ಮೂಟೆಗಟ್ಟಲೆ.
ಅಬ್ಬಾ ತಾವೇ ಬಿಡಿಸಿ ಕೊಟ್ಟರು:
"ಹುಳಕ್ಕೆ ಸಾಕಾದದ್ದು ನಿನ್ನ ಯಂತ್ರಕ್ಕೆ ಸಾಲದಾ?"

ಸಾಲಲಿಲ್ಲ. ಒಣಗಿದ ರೇಷ್ಮೆ ಸುಮ್ಮನಿರುವ ಜಾತಿಯಲ್ಲ.
ಒಂದಕ್ಕೊಂದು ಉಜ್ಜಿಕೊಂಡು
ಗುಟ್ಟಾಗಿ ಚಾರ್ಜು ಕೂಡಿಡುತ್ತದೆ. ಗೆರೆ ಹಾರಿ ಹಾರಿ ಬಿತ್ತು.
ದಿಂಬು ಬಿಚ್ಚಿ ಹತ್ತಿ ತುಂಬಿದೆ. ನಿಂತಿತು.
ಎರಡು ದಿನ ಅಬ್ಬಾ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಬುಧವಾರ ಏಳೂ ಹತ್ತಕ್ಕೆ ಕರೆಂಟು ಹೋಯಿತು.
ಓಣಿಯ ಅಷ್ಟೂ ಮೋಟಾರುಗಳು ಗೊರಗೊರ ಎಂದು
ಗಂಟಲು ಕಟ್ಟಿ ನಿಂತವು. ಓಡಿದೆ ಹಿತ್ತಿಲಿಗೆ.
ಪಿಳ್ಳಮ್ಮ ಬಿಸಿನೀರಿನಿಂದ ಕೈ ತೆಗೆದು ಹಿಂದೆಯೇ ಬಂದಳು.
"ಅಲ್ಲೇ ನಿಲ್ಲಿ, ಫೋನು ಆಚೆ ಇಡಿ."
ಅಬ್ಬಾ ಚಪ್ಪಲಿ ಬಿಟ್ಟು ನಿಂತರು,
ನಮಾಜಿನ ಸಾಲಿನಲ್ಲಿ ನಿಂತ ಹಾಗೆ.

ಗೆರೆ ಮಲಗಿತು.
ಪೂರ್ತಿ ಅಲ್ಲ. ಮೈತುಂಬ ಸಣ್ಣ ರೋಮ,
ಜರಡಿಯಿಂದ ರಾಗಿಹಿಟ್ಟು ಉದುರುತ್ತಲೇ ಇರುವಂತೆ.
"ಇದು ಎಲ್ಲಿಂದ?" ಅಬ್ಬಾ ಪಿಸುಗುಟ್ಟಿದರು.
ಎಲ್ಲಿಂದಲೂ ಅಲ್ಲ. ಅದರದೇ.
ಬೆಚ್ಚಗಿರುವ ಯಾವುದೂ ಪೂರ್ತಿ ಸುಮ್ಮನಿರದು.
"ಇದನ್ನು ತಡೆಯುವ ಡಬ್ಬಿ?"
ಇಲ್ಲ ಅಂದೆ.
ಪಿಳ್ಳಮ್ಮ ಬೆಂದ ಬೆರಳುಗಳನ್ನು ಸೆರಗಿಗೆ ಒರೆಸುತ್ತ,
"ಬಾಯಿ ಮುಚ್ಚಿದ್ರೂ ಗೊಣಗೋದು ನಿಲ್ಲಲ್ಲ," ಅಂದಳು,
"ನಮ್ಮತ್ತೆ ಇದ್ದಂಗೆ."

ಕೈಗೆ ಕಾಗದ ಸಿಗದೆ ಗೂಡಿನ ಲೆಕ್ಕದ ಪುಸ್ತಕದಲ್ಲೇ ಬರೆದೆ:
ಸೊನ್ನೆ ಪಾಯಿಂಟ್ ಎಂಟು ಮೈಕ್ರೋವೋಲ್ಟು.
ಮೇಲೆ ಮಂಗಳವಾರದ ಹರಾಜು, ಕೆಳಗೆ ಸೌದೆಯ ಬಾಕಿ.
ಏಳೂ ಮೂವತ್ತೈದಕ್ಕೆ ಓಣಿ ಮತ್ತೆ ಗುರ್ರೆಂದಿತು.

ರಾತ್ರಿ ಲೆಕ್ಕ ನೋಡುತ್ತ ಅಬ್ಬಾ ಅದರ ಮೇಲೆ ಬೆರಳಿಟ್ಟು ಕೇಳಿದರು,
ಈ ರೇಟು ಒಳ್ಳೆಯದೋ ಕೆಟ್ಟದೋ.
ಕಮ್ಮಿಯಾದಷ್ಟೂ ಒಳ್ಳೆಯದು, ಅಂದೆ.
ಕನ್ನಡಕ ಮೇಲೆತ್ತಿ ನಕ್ಕರು:
"ಹಾಗಾದರೆ ನೀನೂ ಕೊಳ್ಳುವ ಕಡೆಯವಳೇ."